ಊರ ಹೆಸರು ಬಂತು, ರೆಕಾರ್ಡ್ ಒತ್ತು

"ಹಾಡು ಯೂಟ್ಯೂಬ್‌ನಾಗ ಸಿಗ್ತದಲ್ಲ, ಇದ್ಯಾಕ?" ಅಂತಾನೆ ತಮ್ಮ. ಹಾಡು ಸಿಗುತ್ತದೆ. "ದೇವರ ಹಿಪ್ಪರಗಿಯಿಂದ" ಅಂತ ಶುರುಮಾಡಿ ನಮ್ಮ ಮನೆಯವರ ಹೆಸರು ಓದುವ ದನಿ ಅಲ್ಲಿ ಸಿಗುವುದಿಲ್ಲ.

1950ರಿಂದ ಇರುವ ಧಾರವಾಡ ಆಕಾಶವಾಣಿಗೆ ಅಪ್ಪ ಕಾರ್ಡು ಬರೆಯುತ್ತಿದ್ದ. ಟೇಪ್‌ರೆಕಾರ್ಡರಿನ ಕೆಂಪು ಗುಂಡಿ, ಪ್ಲೇ ಗುಂಡಿ ಎರಡೂ ಒಟ್ಟಿಗೆ ಒತ್ತಬೇಕು. ಅಷ್ಟರಲ್ಲಿ ಹೆಸರು ಮುಗಿದೇ ಹೋಗಿರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಉಳಿದಿದ್ದು ಬರೀ ಹಾಡು, ನಡುವೆ ನಮ್ಮ ಎಮ್ಮೆ ಒದರಿದ್ದು.

ಈಗ ಧಾರವಾಡ ಕೇಂದ್ರ ನ್ಯೂಸ್‌ಆನ್‌ಏರ್ ಆ್ಯಪಿನಲ್ಲೂ ಬರುತ್ತದೆ. ಇಂಟರ್ನೆಟ್ ಪ್ರಸಾರ ರೇಡಿಯೊಗಿಂತ ಕೆಲವು ಸೆಕೆಂಡು ಹಿಂದೆ ಓಡುತ್ತದೆ. ಕ್ರಿಕೆಟ್ ಕೇಳುವವರಿಗೆ ಇದು ಕಿರಿಕಿರಿ, ನನಗೆ ಉಪಕಾರ. ಅಡುಗೆಮನೆಯ ರೇಡಿಯೊದಲ್ಲಿ ಊರ ಹೆಸರು ಬಂದೊಡನೆ ಅವ್ವ ಕೂಗುತ್ತಾಳೆ, ನಾನು ಫೋನಿನ ಸ್ಕ್ರೀನ್ ರೆಕಾರ್ಡರ್ ಒತ್ತುತ್ತೇನೆ. ಆ್ಯಪಿನಲ್ಲಿ ಅದೇ ಮಾತು ಆಮೇಲೆ ಬರುತ್ತದೆ, ಪೂರ್ತಿ ಸಿಗುತ್ತದೆ. ಸೆಟ್ಟಿಂಗ್‌ನಲ್ಲಿ ಮೈಕ್ ಬಿಟ್ಟು ಫೋನಿನ ಒಳಗಿನ ಧ್ವನಿ ಆರಿಸಿಕೊಳ್ಳಿ. ಇಲ್ಲದಿದ್ದರೆ ಮತ್ತೆ ಎಮ್ಮೆ!

ಸಿಕ್ಕ ತುಣುಕನ್ನು ಅವ್ವ ಹಾಡಿನವರೆಗೆ ಹೋಗಲು ಬಿಡುವುದಿಲ್ಲ. ಹೆಸರು ಮುಗಿದ ಕೂಡಲೇ "ಮತ್ತ ಮೊದಲಿಂದ ಹಚ್ಚು" ಅಂತಾಳೆ. ಕೋರಿಕೆಯಲ್ಲಿ ಅಪ್ಪನ ಹೆಸರನ್ನೇ ಮೊದಲು ಬರೆಸುತ್ತಾಳೆ. ಅವನು ತೀರಿಕೊಂಡಿದ್ದನ್ನು ನಾವು ಆಕಾಶವಾಣಿಗೆ ತಿಳಿಸಿಲ್ಲ.