ವೀಸದಳತೆಯ ಟ್ಯಾಂಕಿಗೊಂದು ಕಣ್ಣು

ನಮ್ಮ ಹಿತ್ತಲಿನ ದಾಸವಾಳದ ಬುಡ ಎಷ್ಟು ಕಠಿಣವಾದ ಜಾಗ ಅನ್ನುವುದು ಅದನ್ನು ಹದಿನೆಂಟು ಸೆಂಟಿಮೀಟರ್ ಎತ್ತರದಿಂದ ನೋಡಿದವರಿಗೇ ಗೊತ್ತಾಗಬೇಕು. ಉದುರಿದ ಒಂದು ಎಲೆ ಅಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಮಳೆನೀರು ಕೊರೆದ ಬೆರಳಗಲದ ಗೀರನ್ನು ಓರೆಯಾಗಿ ಹತ್ತಿಸಿದರೆ ಮೂತಿ ಕೆಳಗಾಗಿ, ಕಣ್ಣ ಮುಂದೆ ಬರೀ ಕೆಮ್ಮಣ್ಣು. ಇರುವೆಯ ಸಾಲು ದಾಟುವಾಗ ಒಂದೊಂದು ಇರುವೆಯೂ ಮೊಲದಷ್ಟಿರುತ್ತದೆ. ರಿಮೋಟಿನಿಂದ ಓಡುವ ನನ್ನ ಮಾದರಿ ಟೈಗರ್ ಟ್ಯಾಂಕಿನಲ್ಲಿ ಕಮಾಂಡರ್ ಹೊರಗೆ ನೋಡುವ ಪುಟ್ಟ ಗೋಪುರ, ಅಂದರೆ ಕ್ಯೂಪೊಲಾದೊಳಗೆ ಕ್ಯಾಮೆರಾ ಈಗ ಕೊನೆಗೂ ಕೂರಬೇಕಾದ ಹಾಗೆ ಕೂತಿದೆ. ಕ್ಯಾಮೆರಾದ ಚಿತ್ರವನ್ನು ನೇರ ಕಣ್ಣಿಗೆ ತೋರಿಸುವ ಗಾಗಲ್ಸ್ ಏರಿಸಿಕೊಂಡು ಕಟ್ಟೆಯ ಮೇಲೆ ಕೂತರೆ ಇಳಿಸಂಜೆಯ ತನಕ ಏಳಲು ಮನಸ್ಸಾಗುವುದಿಲ್ಲ.

ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಾದ ಅಸಲಿ ಟೈಗರಿನ ಎತ್ತರ ಮೂರು ಮೀಟರ್. ಅದರ ವೀಸ, ಅಂದರೆ ಹದಿನಾರರಲ್ಲೊಂದು ಪಾಲು, ಹದಿನೆಂಟೂ ಮುಕ್ಕಾಲು ಸೆಂಟಿಮೀಟರ್. ಕಮಾಂಡರನ ಕಣ್ಣು ಅದಕ್ಕಿಂತ ತುಸು ಕೆಳಗೆ. ಕ್ಯಾಮೆರಾ ಇರಬೇಕಾದ್ದು ಅಲ್ಲೇ, ಒಂದು ಬೆರಳು ಮೇಲೂ ಅಲ್ಲ, ಪಕ್ಕಕ್ಕೂ ಅಲ್ಲ. ಈ ವಿಷಯದಲ್ಲಿ ನನ್ನದು ಹಟವೇ ಸರಿ. ಮೊದಲ ಟೈಗರುಗಳ ಡಬ್ಬಿಯಾಕಾರದ ಕ್ಯೂಪೊಲಾದಲ್ಲಿ ಸುತ್ತಲೂ ಐದು ಸೀಳುಗಂಡಿಗಳಿದ್ದವು. 1943ರ ನಡುವಿನಿಂದ ಬಂದ ಎರಕದ ಕ್ಯೂಪೊಲಾದಲ್ಲಿ ಏಳು ಪೆರಿಸ್ಕೋಪ್‌ಗಳು. ನನ್ನದು ಮೊದಲಿನ ಮಾದರಿ. ಮುಂದಿನ ಗಂಡಿಯ ಹಿಂದೆ ಕ್ಯಾಮೆರಾ ಕೂರಿಸಿದಾಗ ಚಿತ್ರದ ಮೇಲೂ ಕೆಳಗೂ ಮಬ್ಬಾದ ಕಪ್ಪು ಅಂಚು ಬರುತ್ತದೆ. ಆ ಅಂಚು ಬಂದ ಕ್ಷಣದಿಂದ ನಾನು ಟ್ಯಾಂಕನ್ನು ನೋಡುವವನಲ್ಲ, ಟ್ಯಾಂಕಿನೊಳಗಿರುವವನು.

ನಮ್ಮ ಹವ್ಯಾಸಿಗಳ ಗುಂಪಿನ ತರುಣರೊಬ್ಬರು ಗಾಗಲ್ಸ್ ಹಾಕಿಕೊಂಡು ನೋಡಿ, "ಏನ್ ಸಾರ್ ಇದು, ಏನೂ ಕಾಣಲ್ವಲ್ಲ! ಅಗಲದ ಲೆನ್ಸ್ ಹಾಕಿ, ಟರೆಟ್ ಮೇಲೆ ಒಂದು ಕಂಬ ನಿಲ್ಲಿಸಿ ಸಾರ್, ಪೂರ್ತಿ ಕಾಣುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಪೂರ್ತಿ ಕಾಣುವುದು ಬೇಡ. ಪೂರ್ತಿ ಕಾಣುವುದು ಬೇಕಿದ್ದರೆ ಎದ್ದು ನಿಂತು ನೋಡಿದರಾಯಿತು, ಕ್ಯಾಮೆರಾದ ಖರ್ಚಾದರೂ ಯಾಕೆ?

ಈ ಅಗಲದ ಲೆನ್ಸಿನ ಹುಚ್ಚು ಡ್ರೋನಿನವರಿಂದ ಬಂದದ್ದು. ಮರಗಳ ನಡುವೆ ಗಂಟೆಗೆ ನೂರು ಕಿಲೊಮೀಟರ್ ವೇಗದಲ್ಲಿ ನುಗ್ಗುವವರಿಗೆ ಎಡಬಲದ ಕೊಂಬೆಯೂ ಕಾಣಬೇಕು, ನ್ಯಾಯ. ಹಾಗಾಗಿ ಅಂಗಡಿಗೆ ಬರುವ ಪುಟ್ಟ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.1 ಮಿಲಿಮೀಟರ್ ಅಥವಾ ಅದಕ್ಕೂ ಗಿಡ್ಡ ಲೆನ್ಸಿನೊಂದಿಗೇ ಬರುತ್ತವೆ. ಅದನ್ನು ಹಾಗೆಯೇ ಟ್ಯಾಂಕಿಗೆ ಬಿಗಿಯುವುದು ಮಾತ್ರ ಶುದ್ಧ ಸೋಮಾರಿತನ. ಕಾಂಪೌಂಡಿನ ಗೋಡೆ ಬಿಲ್ಲಾಗುತ್ತದೆ. ಟೈಗರಿನ ಆ ನೇರವಾದ, ಗಂಭೀರವಾದ 88 ಮಿಲಿಮೀಟರ್ ಫಿರಂಗಿಯ ನಳಿಗೆ ಚಿತ್ರದ ಅಂಚಿನಲ್ಲಿ ಸೊಟ್ಟಗಾಗುತ್ತದೆ. ತಿಂಗಳುಗಟ್ಟಲೆ ಕೂತು ಬಣ್ಣ ಹಚ್ಚಿ, ವೆಲ್ಡಿಂಗ್ ಗುರುತುಗಳನ್ನು ಕೂಡ ಕೆತ್ತಿ, ಕೊನೆಗೆ ಅದನ್ನೆಲ್ಲ ಬಾಗಿಲಿನ ಮ್ಯಾಜಿಕ್ ಕಣ್ಣಿನಲ್ಲಿ ನೋಡಿದ ಹಾಗೆ ನೋಡುತ್ತಾರಲ್ಲ, ಇವರಿಗೆ ಅಳತೆಯ ಮೇಲೆ ಪ್ರೀತಿ ಇದೆ ಎಂದು ನಾನು ಹೇಗೆ ನಂಬಲಿ?

ನಾನು ಹಾಕುವುದು 3.6 ಮಿಲಿಮೀಟರ್ ಲೆನ್ಸು. ಮೂರನೇ ಒಂದಂಗುಲದ ಸೆನ್ಸರಿನ ಮೇಲೆ ಅದು ಅಡ್ಡಕ್ಕೆ ಸುಮಾರು 67 ಡಿಗ್ರಿ ತೋರಿಸುತ್ತದೆ. ಎಂ12 ತಿರುಪಿನ ಲೆನ್ಸ್ ಆದರೆ ಬಿಚ್ಚಿ ಬೇರೆಯದನ್ನು ಹಾಕುವುದು ನಿಮಿಷದ ಕೆಲಸ. ಆಮೇಲಿನದು ನಿಮಿಷದ ಕೆಲಸವಲ್ಲ, ನನಗೆ ಇಡೀ ಹವ್ಯಾಸದಲ್ಲೇ ಅತಿ ಪ್ರಿಯವಾದದ್ದೂ ಅದೇ: ಫೋಕಸ್ ಕೂರಿಸುವುದು.

ಕಾರ್ಖಾನೆಯಿಂದ ಬರುವ ಕ್ಯಾಮೆರಾದ ಫೋಕಸ್ ದೂರಕ್ಕೆ ಕೂತಿರುತ್ತದೆ. ದೂರದ ತೆಂಗಿನಮರದ ಗರಿಗರಿಯೂ ಸ್ಪಷ್ಟ, ಟ್ಯಾಂಕಿನ ಮುಂದಿನ ಕಲ್ಲು ಮಾತ್ರ ಕಲಸಿದ ಬೂದು. ಆದರೆ ವೀಸದಳತೆಯ ಟ್ಯಾಂಕಿನ ಲೋಕ ಇರುವುದು ಅರ್ಧ ಮೀಟರಿನಿಂದ ನಾಲ್ಕೈದು ಮೀಟರಿನೊಳಗೆ. ನಮ್ಮ ಕಣ್ಣಿನ ಪಾಪೆ ಹಗಲಿನಲ್ಲಿ ಮೂರು ಮಿಲಿಮೀಟರ್ ಅಂದುಕೊಳ್ಳಿ. ವೀಸದಳತೆಯ ಮನುಷ್ಯನಿಗೆ ಅದು ಕೂದಲಿಗಿಂತ ಸ್ವಲ್ಪ ದಪ್ಪದ ತೂತು. ನಮ್ಮ ಲೆನ್ಸಿನ ಕಿಂಡಿ ಹೆಚ್ಚುಕಡಿಮೆ ಎರಡು ಮಿಲಿಮೀಟರ್, ಅಂದರೆ ಆ ಪುಟ್ಟ ಕಮಾಂಡರನಿಗೆ ಮೂರು ಸೆಂಟಿಮೀಟರ್ ಅಗಲದ ಕಣ್ಣುಪಾಪೆ ಕೊಟ್ಟಂತಾಯಿತು. ಹತ್ತಿರದ್ದು ಮಬ್ಬಾಗದೆ ಇನ್ನೇನು! ಆದ್ದರಿಂದ ನಾನು ಎಂಬತ್ತು ಸೆಂಟಿಮೀಟರ್ ದೂರಕ್ಕೆ ಒಂದು ದಿನಪತ್ರಿಕೆಯನ್ನು ನಿಲ್ಲಿಸಿ, ಅದರ ದೊಡ್ಡ ತಲೆಬರಹದ ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಬರುವ ತನಕ ಲೆನ್ಸನ್ನು ಹೊರಕ್ಕೆ ತಿರುಗಿಸುತ್ತೇನೆ. ಎಂ12 ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಚಲಿಸುತ್ತದೆ, ನಮಗೆ ಬೇಕಾದದ್ದು ಅದರ ಮೂವತ್ತನೇ ಒಂದು ಪಾಲು. ಬೆರಳಿನಿಂದ ಆಗುವುದಿಲ್ಲ. ಲೆನ್ಸಿನ ಅಂಚಿಗೆ ಒಂದು ಕಡ್ಡಿ ಅಂಟಿಸಿ, ಅದರ ತುದಿಯನ್ನು ತಳ್ಳಬೇಕು. 'ಸ್ತ್ರ', 'ಕ್ಷ್ಮ' ಇವೆರಡೂ ಮೂಡಿದ ಕೂಡಲೇ ಕೈ ತೆಗೆಯಬೇಕು.

ಆಮೇಲೆ ತಿರುಪಿನ ಮೇಲೆ ಒಂದು ಹನಿ ಉಗುರುಬಣ್ಣ. ಸೂಪರ್ ಗ್ಲೂ ಹಾಕುವ ಮಹನೀಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಅಂಟಿನ ಆವಿ ಮುಚ್ಚಿದ ಜಾಗದಲ್ಲಿ ಗಾಜಿನ ಮೇಲೆ ಕೂತು ಬಿಳಿಯ ಪೊರೆ ಕಟ್ಟುತ್ತದೆ. ಒಂದು ರಾತ್ರಿ ಸಾಕು, ಕ್ಯಾಮೆರಾಗೆ ಕಣ್ಣಿನ ಪೊರೆ ಬಂದಿರುತ್ತದೆ. ಹೇಳಿದರೆ "ನನಗೇನೂ ಆಗಿಲ್ಲ" ಅನ್ನುತ್ತಾರೆ. ಹಾಗನ್ನುವವರ ಚಿತ್ರವನ್ನು ನಾನು ನೋಡಿದ್ದೇನೆ. ಸದಾ ಮಡಿಕೇರಿಯ ಮಂಜು.

ವೈರಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ರಿಮೋಟ್ 2.4 ಗಿಗಾಹರ್ಟ್ಸಿನದಾದರೆ ಚಿತ್ರ 5.8ರಲ್ಲಿ ಹೋಗಲಿ. ಮೋಟರಿನ ಎರಡು ಕಾಲುಗಳ ನಡುವೆ ಒಂದು, ಒಂದೊಂದು ಕಾಲಿನಿಂದ ಡಬ್ಬಿಗೆ ಒಂದೊಂದು, ಹೀಗೆ ಮೂರು 104 ಕೆಪಾಸಿಟರ್ ಹಾಕಿದರೆ ಪರದೆಯ ಮೇಲಿನ ಓರೆಗೆರೆಗಳು ಹೋಗುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಿಡಿಗಟ್ಟಲೆ ಸಿಗುತ್ತವೆ. ಕ್ಯಾಮೆರಾ, ಟ್ರಾನ್ಸ್‌ಮಿಟರ್, ಅದರದೇ ಪುಟ್ಟ ಬ್ಯಾಟರಿ ಮೂರನ್ನೂ ಟರೆಟಿನೊಳಗೇ ಇಟ್ಟುಬಿಟ್ಟರೆ ಎಷ್ಟು ಸುತ್ತು ತಿರುಗಿಸಿದರೂ ವೈರು ಹುರಿಗೊಳ್ಳುವುದಿಲ್ಲ, ಮೋಟರ್ ಎಳೆದಾಗ ಚಿತ್ರ ಮಿಣುಕುವುದೂ ಇಲ್ಲ. 25 ಮಿಲಿವ್ಯಾಟ್ ಹಿತ್ತಲಿಗೆ ಧಾರಾಳ. 600ರದ್ದನ್ನು ಹಾಕಿ ಮೆರೆಯುವವರು ಒಂದು ಮರೆಯುತ್ತಾರೆ: ಆ ಟ್ರಾನ್ಸ್‌ಮಿಟರುಗಳು ಡ್ರೋನಿನ ರೆಕ್ಕೆಗಾಳಿಯಲ್ಲಿ ತಣಿಯುವ ಲೆಕ್ಕದಲ್ಲಿ ಮಾಡಿದವು, ಮುಚ್ಚಿದ ಪ್ಲಾಸ್ಟಿಕ್ ಟರೆಟಿನಲ್ಲಿ ಬೆಂದುಹೋಗುತ್ತವೆ. ವೈಫೈ ಕ್ಯಾಮೆರಾವನ್ನಂತೂ ಮುಟ್ಟಲೇಬೇಡಿ. ಚಿತ್ರ ಕಾಲು ಸೆಕೆಂಡ್ ತಡವಾಗಿ ಬಂದರೂ ಅಷ್ಟರಲ್ಲಿ ಟ್ಯಾಂಕು ಒಂದು ಗೇಣು ಮುಂದೆ ಹೋಗಿ ಹೂಕುಂಡಕ್ಕೆ ಗುದ್ದಿರುತ್ತದೆ.

ಹಿಂದಿನಿಂದ ನಿಂತು ಟ್ಯಾಂಕು ಓಡಿಸುವುದರಲ್ಲಿ ನನಗೆ ಆಸಕ್ತಿ ಹೋದದ್ದು ಸೋವಿಯತ್ತಿನ ಟೆಲಿಟ್ಯಾಂಕುಗಳ ಬಗ್ಗೆ ಓದಿದ ಮೇಲೆ. 1939-40ರ ಚಳಿಗಾಲದಲ್ಲಿ ಫಿನ್ಲೆಂಡಿನ ಮೇಲೆ ಯುದ್ಧಕ್ಕೆ ಹೋದ ಟಿಟಿ-26, ಒಳಗೆ ಆಳಿಲ್ಲದೆ ರೇಡಿಯೊದಿಂದ ಓಡುವ ನಿಜವಾದ ಟ್ಯಾಂಕು. ಓಡಿಸುವವನು ಹಿಂದೆ ಇನ್ನೊಂದು ಟ್ಯಾಂಕಿನಲ್ಲಿ ಕೂತು, ಅದರ ಬೆನ್ನನ್ನೇ ನೋಡುತ್ತ ಗುಂಡಿ ಒತ್ತಬೇಕು. ಮುಂದೆ ಕಂದಕವಿದೆಯೋ, ಬಂಡೆಯಿದೆಯೋ ಅವನಿಗೆ ತಿಳಿಯುವ ದಾರಿಯಿಲ್ಲ. 1942ರಿಂದ ಜರ್ಮನರು ಇಳಿಸಿದ ಗೋಲಿಯಾತ್ ಎಂಬ ಗಿಡ್ಡ ಸ್ಫೋಟಕ ಬಂಡಿಯೂ ಅಷ್ಟೇ ಕುರುಡು. ತಂತಿ ಹಿಡಿದು ದೂರದಿಂದ ನಡೆಸಬೇಕು, ತಂತಿ ತುಂಡಾದರೆ ನಿಂತೇಬಿಡುತ್ತದೆ. ಅಷ್ಟು ಇಂಜಿನಿಯರುಗಳು ಅಷ್ಟು ಹಣ ಸುರಿದು ಮಾಡಿದ ಯಂತ್ರಗಳಿಗಿಲ್ಲದ ಕಣ್ಣು ಇವತ್ತು ನಮ್ಮ ಹಿತ್ತಲಿನ ಟ್ಯಾಂಕಿಗೆ ಇದೆ. ಇದು ನನಗೆ ಇಂದಿಗೂ ಬೆರಗು.

ಆಳು ಒಳಗಿದ್ದ ಟ್ಯಾಂಕುಗಳೇನು ಚೆನ್ನಾಗಿ ನೋಡುತ್ತಿದ್ದವು ಅಂತಲ್ಲ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೇರ್ಸ್ ಬಳಿ ಮೊದಲ ಬಾರಿ ರಣಕ್ಕಿಳಿದ ಬ್ರಿಟಿಷ್ ಟ್ಯಾಂಕುಗಳ ಸಿಬ್ಬಂದಿ ಸೀಳುಗಂಡಿಯಲ್ಲಿ ಇಣುಕಬೇಕಿತ್ತು. ಹೊರಗೆ ಗುಂಡು ಬಡಿದರೆ ಒಳಗೆ ಸೀಸದ, ಉಕ್ಕಿನ ಚೂರು ಮುಖಕ್ಕೆ ಸಿಡಿಯುತ್ತಿತ್ತು. ಅದಕ್ಕೆಂದೇ ಸರಪಳಿಯ ಮೀಸೆ ಇಳಿಬಿಟ್ಟ ಚರ್ಮದ ಮುಖವಾಡ ಬಂತು. ಆರಂಭದ ಟಿ-34ರಲ್ಲಿ ಕಮಾಂಡರನೇ ಫಿರಂಗಿಯನ್ನೂ ಗುರಿಯಿಡಬೇಕಾಗಿತ್ತು, ಸುತ್ತ ನೋಡಲು ಅವನಿಗೆ ಪುರುಸೊತ್ತೂ ಇರಲಿಲ್ಲ, ಕ್ಯೂಪೊಲಾವೂ ಇರಲಿಲ್ಲ. ಈ ಕತೆಯಲ್ಲಿ ನಾನು ಕೈಮುಗಿಯುವುದು ಪೋಲೆಂಡಿನ ರುಡಾಲ್ಫ್ ಗುಂಡ್ಲಾಖ್‌ಗೆ. ಕೂತಲ್ಲಿಂದ ಕದಲದೆ, ಬರೀ ಪೆರಿಸ್ಕೋಪಿನ ತಲೆ ತಿರುಗಿಸಿ ಬೆನ್ನ ಹಿಂದಿನದನ್ನೂ ನೋಡುವ ಉಪಾಯಕ್ಕೆ ಅವರು 1936ರಲ್ಲಿ ಪೇಟೆಂಟ್ ಪಡೆದರು. ಬ್ರಿಟಿಷರು ಅದನ್ನು ತೆಗೆದುಕೊಂಡರು, ಆಮೇಲೆ ಸೋವಿಯತ್ ಟ್ಯಾಂಕುಗಳಿಗೂ ಅದೇ ಬಂತು. ಈಗ ಅಹಿಲ್ಯಾನಗರ ಎನಿಸಿರುವ ಅಹ್ಮದ್‌ನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋದವರು ಪ್ಯಾಟನ್ನಿನ ಫಿರಂಗಿಯ ಪಕ್ಕ ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ಹೋದರೆ ದಯವಿಟ್ಟು ಪೆರಿಸ್ಕೋಪುಗಳನ್ನು ನೋಡಿ. ಅಷ್ಟು ದೊಡ್ಡ ಉಕ್ಕಿನ ರಾಶಿಗೆ ಎಷ್ಟು ಚಿಕ್ಕ ಕಿಟಕಿ!

ನನ್ನ ಕಿರಿದಾದ ಲೆನ್ಸಿಗೆ ಇದೇ ಕಾರಣ. ಆ ಚಿಕ್ಕ ಕಿಟಕಿಯಲ್ಲಿ ನೋಡುತ್ತ ದಾರಿ ಹುಡುಕುವುದೇ ಟ್ಯಾಂಕು ಓಡಿಸುವುದು.

ಉಳಿದಿರುವ ತೊಡಕು ಕುಲುಕಾಟ. ವೀಸದಳತೆಯ ಬಂಡಿ ಅಸಲಿಗಿಂತ ನಾಲ್ಕು ಪಟ್ಟು ಬೇಗ ತೂಗಾಡುತ್ತದೆ, ಹದಿನಾರರ ವರ್ಗಮೂಲ ನಾಲ್ಕು. ಸಿನಿಮಾದವರು ಇಂಥ ಮಾದರಿಯನ್ನು ಸೆಕೆಂಡಿಗೆ 24ರ ಬದಲು 96 ಚಿತ್ರದಂತೆ ಸೆರೆಹಿಡಿದು ನಿಧಾನಕ್ಕೆ ಓಡಿಸುತ್ತಾರೆ. ನೇರ ನೋಡುವ ನಮಗೆ ಕಾಲವನ್ನು ಹಿಗ್ಗಿಸಲು ಬರುವುದಿಲ್ಲ, ತೂಕ ಹಾಕಲು ಬರುತ್ತದೆ. 57 ಟನ್ನಿನ ಟೈಗರನ್ನು ಹದಿನಾರರ ಘನ, ಅಂದರೆ 4096ರಿಂದ ಭಾಗಿಸಿದರೆ ಹದಿನಾಲ್ಕು ಕಿಲೊ ಹತ್ತಿರ. ಪ್ಲಾಸ್ಟಿಕ್ ಟ್ಯಾಂಕು ಅದರ ಅರ್ಧವೂ ತೂಗುವುದಿಲ್ಲ. ಲೋಹದ ಟ್ರ್ಯಾಕ್, ಲೋಹದ ಚಕ್ರ, ತಳದಲ್ಲಿ ಸೀಸದ ತಗಡು ಹಾಕಿ, ಸ್ಪ್ರಿಂಗನ್ನು ಮೃದು ಮಾಡಿದ ಮೇಲೆ ನನ್ನದು ಹಳ್ಳಕ್ಕೆ ಇಳಿಯುವಾಗ ಮೂತಿಯನ್ನು ನಿಧಾನಕ್ಕೆ ಬಾಗಿಸಿ, ನಿಧಾನಕ್ಕೆ ಎತ್ತುತ್ತದೆ.

ಮುಂದಿನದು ಗನ್ನರನ ಕಣ್ಣು. ಮೊದಲ ಟೈಗರುಗಳಲ್ಲಿ ಗುರಿದೂರ್ಬೀನಿಗೆ ಎರಡು ಕಣ್ಣುಗಳಿದ್ದವು, ಫಿರಂಗಿಯ ಎಡಕ್ಕೆ ಮುಂಗವಚದಲ್ಲಿ ಅದರ ಎರಡು ತೂತುಗಳು ಕಾಣುತ್ತವೆ. ಎರಡೂವರೆ ಪಟ್ಟು ಹಿಗ್ಗಿಸಿ ತೋರಿಸುವ ಆ ನೋಟ ಸಿಗಬೇಕಾದರೆ ಉದ್ದದ ಲೆನ್ಸು ಬೇಕು, ಅದರ ಜಾಗದಲ್ಲೋ ನಳಿಗೆಯನ್ನು ಹಿಂದಕ್ಕೆಳೆಯುವ ಯಂತ್ರ ಕೂತಿದೆ. ಒಂದು ತೂತಿನ ಹಿಂದೆ ಪುಟ್ಟ ಕನ್ನಡಿಯನ್ನು ಓರೆಯಾಗಿಟ್ಟು, ಕ್ಯಾಮೆರಾವನ್ನು ಅಡ್ಡಲಾಗಿ ಮಲಗಿಸುವ ನಕ್ಷೆ ಮೇಜಿನ ಮೇಲಿದೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾದದ್ದನ್ನು ಕ್ಯಾಮೆರಾದ ಸೆಟ್ಟಿಂಗಿನಲ್ಲೇ ಸರಿಪಡಿಸಬಹುದು. ನಕ್ಷೆ ನೋಡಿದ ಗೆಳೆಯರೊಬ್ಬರು ಇಷ್ಟೆಲ್ಲ ಯಾಕೆ, ಕ್ಯಾಮೆರಾವನ್ನು ನಳಿಗೆಯ ಮೇಲೆ ಟೇಪ್ ಸುತ್ತಿ ಕಟ್ಟಿಬಿಡಿ ಅಂದರು. ಅವರ ಜೊತೆ ಈಗ ನಾನು ಟ್ಯಾಂಕಿನ ಮಾತು ಆಡುವುದಿಲ್ಲ.