ಹೆಸರಘಟ್ಟದಲ್ಲಿ ಒಡಿಸ್ಸಿ, ಮನಸ್ಸಿನಲ್ಲಿ ಮೈಸೂರು

ಯಶವಂತಪುರದಲ್ಲಿ ಬಸ್ಸು ಹತ್ತಿ ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ ದಾಟಿ ಬಲಕ್ಕೆ ಹೊರಳಿದರೆ ಚಿಕ್ಕಬಾಣಾವರ, ಸೋಲದೇವನಹಳ್ಳಿ. ಅಲ್ಲಿಂದ ಮುಂದೆ ಹೆಸರಘಟ್ಟ. 1890ರ ದಶಕದಲ್ಲೇ ಬೆಂಗಳೂರಿಗೆ ಕೊಳಾಯಿ ನೀರು ಕಳಿಸಿದ ಕೆರೆಯ ಊರು. "ನೃತ್ಯಗ್ರಾಮಕ್ಕಾ? ಇನ್ನೂ ಮುಂದೆ ಹೋಗ್ಬೇಕು ಸಾರ್, ಇಲ್ಲಿ ಆಟೋ ಹಿಡೀರಿ" ಎಂದು ಕಂಡಕ್ಟರ್ ಇಳಿಸಿದರು.

ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಶಾಲೆ ನೃತ್ಯಗ್ರಾಮ ನಿಜಕ್ಕೂ ಒಂದು ಪುಟ್ಟ ಊರು. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಕಲ್ಲು, ಮಣ್ಣುಗಳಲ್ಲೇ ಅದನ್ನು ಎಬ್ಬಿಸಿದ್ದಾರೆ. ಒಡಿಸ್ಸಿಯ ಗುರು ಕೇಲುಚರಣ ಮಹಾಪಾತ್ರರಿಗೆ ಅರ್ಪಿಸಿದ ಮಣ್ಣಿನ ಗುಡಿಯೂ ಇದೆ. ಅಭ್ಯಾಸದ ಮನೆಯಲ್ಲಿ ಹುಡುಗಿಯರು ಮಂಡಿ ಬಾಗಿಸಿ ಚೌಕದಲ್ಲಿ ನಿಂತಿದ್ದರು. ಒಂದೇ ಹೆಜ್ಜೆ, ಮತ್ತೆ ಮತ್ತೆ. ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಗುರುವಿನ ಜೊತೆಗೇ ಉಂಡು, ಮಲಗಿ, ಎದ್ದು ಕಲಿಯುವ ಈ ಪದ್ಧತಿ ಬಿಟ್ಟರೆ ನಾಟ್ಯ ಮೈಗೆ ಹತ್ತುವುದಿಲ್ಲವೆಂದೇ ನನ್ನ ನಂಬಿಕೆ.

ಇಲ್ಲಿ ಕಲಿಸುವ ಒಡಿಸ್ಸಿ ಸುಲಭವಾಗಿ ಉಳಿದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಪಾದ್ರಿಗಳೂ ಇಂಗ್ಲಿಷ್ ಓದಿದ ನಮ್ಮವರೂ ಸೇರಿ ದೇವಾಲಯದ ನಾಟ್ಯವನ್ನು ನಾಚಿಕೆಯ ಕಸುಬೆಂದರು. 1890ರ ದಶಕದಲ್ಲಿ ಮದ್ರಾಸಿನಿಂದ ಆ ಕೂಗು ಜೋರಾಯಿತು. 1909ರಲ್ಲಿ ಮೈಸೂರು ಸರ್ಕಾರವೂ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಗೆ ತಡೆ ಹಾಕಿತು. ಹೆಣ್ಣುಮಕ್ಕಳ ಶೋಷಣೆ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ವಿದ್ಯೆಗೆ ಗೌರವದ ಬೇರೆ ದಾರಿಯನ್ನು ತೆರೆದವರು ಕಡಿಮೆ. ಒಡಿಶಾದಲ್ಲಿ ಪುರಿ ದೇವಾಲಯದ ನರ್ತಕಿಯರಾದ ಮಾಹಾರಿಯರ ಸೇವೆ, ಹೆಣ್ಣುವೇಷದ ಗೋಟಿಪುಅ ಹುಡುಗರ ಕುಣಿತ, ಗುಡಿಯ ಶಿಲ್ಪಗಳು ಇವನ್ನೆಲ್ಲ ಕೂಡಿಸಿ 1950ರ ದಶಕದ ಕೊನೆಗೆ ಕೇಲುಚರಣರಂಥ ಗುರುಗಳು ಒಡಿಸ್ಸಿಗೆ ಇಂದಿನ ರೂಪ ಕೊಟ್ಟರು. ಕೇಲುಚರಣರು ಬಾಲ್ಯದಲ್ಲಿ ಸ್ವತಃ ಗೋಟಿಪುಅ ಆಗಿ ಕುಣಿದವರು.

ಅಲ್ಲಿ ಕೂತಷ್ಟು ಹೊತ್ತೂ ನನಗೆ ನೆನಪಾದದ್ದು ಮೈಸೂರು ಶೈಲಿಯ ಭರತನಾಟ್ಯದ ಗುರು ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ. ಲಂಬಾಣಿ ಕುಟುಂಬದ ಹುಡುಗಿ ಎಂಟನೇ ವಯಸ್ಸಿಗೇ ತಾಯಮ್ಮನವರ ಬಳಿ ಸೇರಿ, ಅರಮನೆಯ ಆಸ್ಥಾನ ವಿದುಷಿಯಾಗಿ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಲು ನಿಂತರು. ಕೂತಲ್ಲೇ ಕಣ್ಣು, ಹುಬ್ಬುಗಳಲ್ಲಿ ಒಂದು ಪದವನ್ನು ಬಗೆಬಗೆಯಾಗಿ ಬಿಡಿಸುವ ಅಭಿನಯ ಅವರದು. 1992ರಲ್ಲಿ ಪದ್ಮಭೂಷಣವೂ ಬಂತು. ಅವರು 2002ರಲ್ಲಿ ತೀರಿಕೊಂಡರು.

ಒಡಿಶಾದ ನಾಟ್ಯಕ್ಕೆ ಕನ್ನಡದ ನೆಲ ಇಷ್ಟು ಅಕ್ಕರೆಯಿಂದ ಜಾಗ ಕೊಟ್ಟಿದೆ. ಮೈಸೂರು ಶೈಲಿಗೂ ಇಂಥದೊಂದು ಊರು ಬೇಕು. ಸರ್ಕಾರ ನೆಲ ಕೊಡಲಿ, ಕಲಿತವರು ಮುಂದೆ ಬರಲಿ. ಅದರ ಹೆಬ್ಬಾಗಿಲ ಮೇಲೆ ತಾಯಮ್ಮ, ವೆಂಕಟಲಕ್ಷಮ್ಮನವರ ಹೆಸರಿರಲಿ.