ರಾತ್ರಿ ಹತ್ತರ ನಂತರದ 40 ನಿಮಿಷ

ಪುಟ್ಟಿ ಮಲಗುವುದು ಒಂಬತ್ತೂಮುಕ್ಕಾಲಿಗೆ. ಆಮೇಲೆ ಹಾಲಿನ ಪಾತ್ರೆ ತೊಳೆದು, ನೆನೆಹಾಕಿದ್ದನ್ನು ರುಬ್ಬಿಟ್ಟು, ಆಫೀಸ್ ಗ್ರೂಪಿನಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕೂಗಿದ್ದಾರಾ ಅಂತ ಒಮ್ಮೆ ನೋಡಿ, ಸೋಫಾಕ್ಕೆ ಬಂದು ಬೀಳುವಾಗ ಹತ್ತು ದಾಟಿರುತ್ತದೆ. ಹತ್ತೂಮುಕ್ಕಾಲು ಆಯಿತು ಅಂದರೆ ಕಣ್ಣು ತಾನಾಗಿ ಮುಚ್ಚುತ್ತದೆ. ನಡುವೆ ಉಳಿಯುವುದು 40 ನಿಮಿಷ. ಇಡೀ ದಿನದಲ್ಲಿ ನನ್ನದು ಅಂತ ಹೇಳಬಹುದಾದದ್ದು ಅಷ್ಟೇ. ಆ ಹೊತ್ತಿನಲ್ಲಿ ಕೆಲವರು ಸೀರಿಯಲ್ ನೋಡ್ತಾರೆ, ಕೆಲವರು ರೀಲ್ಸ್. ನಾನು ಗೇಮ್ ಆಡ್ತೀನಿ.

ಇದನ್ನು ಹೇಳಿದರೆ ಈಗಲೂ ನಗುವವರಿದ್ದಾರೆ. 33 ವರ್ಷ, ಎರಡೂವರೆ ವರ್ಷದ ಮಗುವಿನ ತಾಯಿ, ಗೇಮಾ? ಆದರೆ ನನಗೆ ಈ ಹುಚ್ಚು ಹಿಡಿದದ್ದು ತುಮಕೂರಿನಲ್ಲಿ, ಏಳನೇ ಕ್ಲಾಸಿನಲ್ಲಿ. ಅಣ್ಣ ಸೈಬರ್ ಕೆಫೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಬೇಕು ಅನ್ನುವುದು ಅಮ್ಮನ ಷರತ್ತು. ಅಲ್ಲಿ ಗಂಟೆಗೆ 20 ರೂಪಾಯಿ. ಪರದೆಯ ಮೂಲೆಯಲ್ಲಿ ಸಮಯ ಓಡುತ್ತಾ ಇರುತ್ತಿತ್ತು. ಅಣ್ಣ ರೋಡ್ ರ‍್ಯಾಶ್‌ನಲ್ಲಿ ಬೈಕಿನಿಂದ ಬಿದ್ದಾಗೆಲ್ಲ ನನ್ನ ಸರದಿ. ಆ ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ಆಡುತ್ತಿದ್ದೆವು.

ಇಂಜಿನಿಯರಿಂಗಿಗೆ ಬರುವಷ್ಟರಲ್ಲಿ ಲೆಕ್ಕ ಬದಲಾಗಿತ್ತು. 2011ರಲ್ಲಿ ಸ್ಕೈರಿಮ್ ಬಂತು. ಹಾಸ್ಟೆಲಿನಲ್ಲಿ ರೂಮ್‌ಮೇಟಿನ ಲ್ಯಾಪ್‌ಟಾಪ್ ಹಿಡಿದು ಕೂತರೆ ಬೆಳಗಾಗುತ್ತಿತ್ತು. ಆಗ ಕೈಯಲ್ಲಿ ದುಡ್ಡಿರಲಿಲ್ಲ, ಸಮಯ ಬೇಕಾದಷ್ಟಿತ್ತು. ಹಾಗಾಗಿ ಒಳ್ಳೆಯ ಗೇಮ್ ಅಂದರೆ ದೊಡ್ಡ ಗೇಮ್. ನೂರು ಗಂಟೆ ಆಡಿದರೂ ಮುಗಿಯಲ್ಲ ಅಂತ ಯಾರಾದರೂ ಹೇಳಿದರೆ ಅದು ಹೊಗಳಿಕೆ.

ಈಗ ಆ ಮಾತು ಕೇಳಿದರೆ ಭಯವಾಗುತ್ತದೆ. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಸೇಲಿನಲ್ಲಿ ವಿಚರ್ 3 ತಗೊಂಡೆ. 2015ರ ಆಟ, ಎಲ್ಲರೂ ಹೊಗಳಿದ್ದು. ಮುಖ್ಯ ಕಥೆಯೊಂದನ್ನೇ ಮುಗಿಸಲು ಸುಮಾರು 50 ಗಂಟೆ ಬೇಕು. ನನ್ನ 40 ನಿಮಿಷದ ಲೆಕ್ಕದಲ್ಲಿ ಅದು 75 ರಾತ್ರಿ. ಜ್ವರ, ರಿಲೀಸ್, ನೆಂಟರು, ನಿದ್ದೆ ಎಲ್ಲ ಕಳೆದರೆ ಆರು ತಿಂಗಳು. ನಾಲ್ಕು ರಾತ್ರಿ ಆಡಿದೆ. ಮೂರು ವಾರ ಬಿಟ್ಟು ಮತ್ತೆ ತೆರೆದಾಗ ಕತ್ತಿ ಎತ್ತುವ ಬಟನ್ ಯಾವುದು, ಎದುರಿಗೆ ನಿಂತವನು ಯಾರು, ನಾನು ಯಾರನ್ನು ಹುಡುಕಿಕೊಂಡು ಹೊರಟಿದ್ದೆ, ಒಂದೂ ನೆನಪಿಲ್ಲ. ಆಟದ ತಪ್ಪೇನಿಲ್ಲ. ಅದು ನನ್ನ ಹಾಸ್ಟೆಲ್ ದಿನಗಳಿಗೆ ಬರಬೇಕಿತ್ತು, ತಡವಾಗಿ ಬಂತು.

ದೊಡ್ಡದು ಆಗಲ್ಲ ಅಂತ ಫೋನಿನಲ್ಲಿ ಒಂದು ಚಿಕ್ಕ ಆಟಕ್ಕೆ ಇಳಿದೆ. ಹೆಸರು ಬೇಡ, ಆ ಜಾತಿಯ ಆಟ ನಿಮ್ಮ ಫೋನಿನಲ್ಲೂ ಒಂದಾದರೂ ಇರುತ್ತದೆ. ದಿನಕ್ಕೆ ಐದೇ ನಿಮಿಷ ಸಾಕು ಅನ್ನುತ್ತಿತ್ತು. ನಿಜ, ಐದೇ ನಿಮಿಷ. ಆದರೆ ಪ್ರತಿದಿನ. ಬೆಳಿಗ್ಗೆ ಒಂದು ಪೆಟ್ಟಿಗೆ, ನಾಲ್ಕು ಗಂಟೆ ಬಿಟ್ಟು ಇನ್ನೊಂದು, ರಾತ್ರಿ ಹನ್ನೆರಡರೊಳಗೆ ಹಾಜರಿ. ಒಂದು ದಿನ ತಪ್ಪಿದರೂ ಎಣಿಕೆ ಸೊನ್ನೆಯಿಂದ ಶುರು. ಇದರ ಹಿಂದಿನ ತಂತ್ರ ನನಗೆ ಗೊತ್ತಿಲ್ಲದ್ದಲ್ಲ, ನಾನಿರುವುದೂ ಸಾಫ್ಟ್‌ವೇರಿನಲ್ಲೇ. ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ, ಹೋದ ಒಂದೊಂದು ಜೀವ ವಾಪಸ್ ಬರಲು 30 ನಿಮಿಷ ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಕಾಯಿಸುವುದೂ ಆಟದ ಒಂದು ಭಾಗವೇ. ಕಾಯುವವರು ಮತ್ತೆ ಮತ್ತೆ ತೆರೆದು ನೋಡುತ್ತಾರೆ, ಕಾಯಲಾಗದವರು ದುಡ್ಡು ಕೊಡುತ್ತಾರೆ. ಗೊತ್ತಿದ್ದೂ ನಾನು 412 ದಿನ ಹಾಜರಿ ಹಾಕಿದೆ.

413ನೇ ದಿನ ಪುಟ್ಟಿಗೆ 103 ಡಿಗ್ರಿ ಜ್ವರ. ರಾತ್ರಿ ಹನ್ನೊಂದಕ್ಕೆ ಆಟೊ ಹಿಡಿದು ಕ್ಲಿನಿಕ್ಕಿಗೆ ಓಡಿದೆವು. ನಮ್ಮ ಮುಂದೆ ಇನ್ನೂ ನಾಲ್ಕು ಮಕ್ಕಳು. ಪುಟ್ಟಿ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದ್ದಳು, ಅವಳ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಗೋಡೆ ಗಡಿಯಾರ ನೋಡಿದೆ. 11:52. ಆಗ ನನ್ನ ಬಲಗೈ ಏನು ಮಾಡಿತು ಅಂದರೆ, ಬ್ಯಾಗಿನಿಂದ ಫೋನ್ ತೆಗೆದು, ಆ ಆಟ ತೆರೆದು, ಪೆಟ್ಟಿಗೆ ಒತ್ತಿತು. ಹೊಳೆಯುವ ನಾಣ್ಯಗಳು ಉದುರಿದವು. ತಲೆ ಎತ್ತಿದರೆ ಎದುರಿನ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ನೋಡುತ್ತಿದ್ದಾನೆ. ಏನೂ ಅನ್ನಲಿಲ್ಲ. ಎದ್ದು ಬಂದು, "ಕೊಡು, ನಾನು ಎತ್ಕೋತೀನಿ" ಅಂತ ಮಗುವನ್ನು ತಗೊಂಡ. ಅಷ್ಟೇ.

ಬೈದಿದ್ದರೆ ಜಗಳ ಆಡಬಹುದಿತ್ತು.

ಜ್ವರ ಎರಡು ದಿನದಲ್ಲಿ ಇಳಿಯಿತು. ಆ ಆಟವನ್ನು ಆ ರಾತ್ರಿಯೇ ಅಳಿಸಿಹಾಕಿದೆ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಇನ್ನೂ ಮೂರು ದಿನ ಹಾಜರಿ ಹಾಕಿದೆ. ನಾಲ್ಕನೇ ದಿನ ತೆಗೆದೆ. ಒಂದು ವಾರ ಕೈ ತಾನಾಗಿ ಆ ಜಾಗಕ್ಕೆ ಹೋಗುತ್ತಿತ್ತು, ಅಲ್ಲಿ ಈಗ ಬ್ಯಾಂಕಿನ ಆ್ಯಪ್ ಬಂದು ಕೂತಿತ್ತು. ದಿನಕ್ಕೆ ನಾಲ್ಕು ಸಲ ಬ್ಯಾಲೆನ್ಸ್ ನೋಡಿ ಬೇಜಾರಾದದ್ದೇ ಬಂತು.

ಆಟವೇ ಬೇಡ ಅನ್ನಿಸಲಿಲ್ಲ. ನನ್ನ ಸಮಯಕ್ಕೆ ಮರ್ಯಾದೆ ಕೊಡುವ ಆಟ ಬೇಕು ಅನ್ನಿಸಿತು. ಮರ್ಯಾದೆ ಅಂದರೆ ಏನು ಅಂತ ಯೋಚಿಸಿದಾಗ ಹೊಳೆದದ್ದು ನಮ್ಮ ಮನೆಗೆ ಬರುವ ನೆಂಟರು. ಕೆಲವರು ಬಂದು ಅರ್ಧ ಗಂಟೆ ಕೂತು, ಕಾಫಿ ಕುಡಿದು, ನಗಿಸಿ ಹೋಗುತ್ತಾರೆ. ಕೆಲವರು ಹೊಸಿಲಲ್ಲಿ ಚಪ್ಪಲಿ ಹಾಕಿಕೊಂಡ ಮೇಲೂ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಇನ್ನು ಕೆಲವರು ಹೋದ ಮೇಲೂ ಬಿಡದೆ, "ಯಾಕೆ ಫೋನೇ ಮಾಡ್ಲಿಲ್ಲ" ಅಂತ ಮರುದಿನ ಮುನಿಸಿಕೊಳ್ಳುತ್ತಾರೆ. ಆಟಗಳಲ್ಲೂ ಈ ಮೂರೂ ಜಾತಿ ಇವೆ.

ಆನ್‌ಲೈನ್ ಪಂದ್ಯಗಳನ್ನು ಮೊದಲೇ ಬಿಟ್ಟೆ. ಬಿಜಿಎಂಐನಲ್ಲಿ ನೂರು ಜನರ ಪಂದ್ಯ, ಕೊನೆವರೆಗೂ ಉಳಿದರೆ ಅರ್ಧ ಗಂಟೆ. ನಡುವೆ ಪುಟ್ಟಿ ಎದ್ದು "ಅಮ್ಮಾ ನೀರು" ಅಂದರೆ ಉಳಿದ 99 ಜನ ಸುಮ್ಮನೆ ನಿಂತಿರುವುದಿಲ್ಲ, ನಮ್ಮ ತಂಡದ ಹುಡುಗರು ಬೈಯದೆಯೂ ಬಿಡುವುದಿಲ್ಲ. ನನಗೆ ಬೇಕಾದದ್ದು ಯಾವ ಕ್ಷಣದಲ್ಲಿ ಬೇಕಾದರೂ ಕೆಳಗಿಟ್ಟು ಏಳಬಹುದಾದ ಆಟ.

ಮೊದಲು ಸಿಕ್ಕಿದ್ದು ಮಾನ್ಯುಮೆಂಟ್ ವ್ಯಾಲಿ. 2014ರ ಹಳೆಯ ಆಟ, ಹತ್ತೇ ಅಧ್ಯಾಯ. ಕಂಬ, ಮೆಟ್ಟಿಲು, ಗೋಪುರಗಳನ್ನು ತಿರುಗಿಸಿ ಐಡಾ ಅನ್ನುವ ಪುಟ್ಟ ರಾಜಕುಮಾರಿಗೆ ದಾರಿ ಮಾಡಿಕೊಡಬೇಕು. ಮೆಟ್ರೋದ ನೇರಳೆ ಮಾರ್ಗದಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಒಂದು ಕೈಯಲ್ಲಿ ಆಡಬಹುದು. ಒಂದು ಅಧ್ಯಾಯ ಮುಗಿಯುವಾಗ ಎಂ.ಜಿ. ರೋಡ್ ಬಂದಿರುತ್ತಿತ್ತು. ವಾರದಲ್ಲಿ ಮುಗಿಯಿತು. ಈ ಆಟಕ್ಕೆ ಮುಂದೆ ಕೆಲವು ಅಧ್ಯಾಯ ಸೇರಿಸಿ ಪ್ರತ್ಯೇಕ ಬೆಲೆ ಇಟ್ಟಾಗ ಬಹಳ ಜನ ಸಿಟ್ಟಾಗಿ ಒಂದೊಂದೇ ಸ್ಟಾರ್ ಕೊಟ್ಟಿದ್ದರಂತೆ. ಇಷ್ಟು ಚಿಕ್ಕದಕ್ಕೆ ದುಡ್ಡಾ ಅಂತ. ನನಗೆ ಈ ವಾದ ಅರ್ಥವೇ ಆಗುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಎರಡೂವರೆ ಗಂಟೆಯ ಸಿನಿಮಾಗೆ ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗು ಅಂತ ಲೆಕ್ಕವಿಲ್ಲದೆ ಕೊಟ್ಟು ಬರುತ್ತೇವೆ. ಸಿನಿಮಾ ಬೇಗ ಮುಗಿಯಿತು ಅಂತ ಯಾರೂ ದೂರುವುದಿಲ್ಲ. ಬೇಗ ಮುಗಿಯಲಿಲ್ಲ ಅಂತ ದೂರಿದ್ದನ್ನು ಕೇಳಿದ್ದೇನೆ.

ಆಮೇಲೆ ಎ ಶಾರ್ಟ್ ಹೈಕ್. 2019ರದ್ದು. ಕ್ಲೇರ್ ಅನ್ನುವ ಮರಿಹಕ್ಕಿ ಒಂದು ಫೋನ್ ಕರೆಗೆ ಕಾಯುತ್ತಿದೆ, ನೆಟ್‌ವರ್ಕ್ ಸಿಗಬೇಕಾದರೆ ಬೆಟ್ಟದ ತುದಿ ಹತ್ತಬೇಕು. ಮಲೆನಾಡಿನಲ್ಲಿ ನೆಂಟರಿರುವವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನೇರ ಹತ್ತಿದರೆ ಒಂದೂವರೆ, ಎರಡು ಗಂಟೆ. ದಾರಿಯಲ್ಲಿ ಮೀನು ಹಿಡಿಯುತ್ತಾ, ಸಿಕ್ಕವರ ಹತ್ತಿರ ಹರಟೆ ಹೊಡೆಯುತ್ತಾ ಹೋದರೆ ಇನ್ನೂ ಸ್ವಲ್ಪ. ಯಾರೂ ಅವಸರ ಮಾಡುವುದಿಲ್ಲ. ತುದಿಯಲ್ಲಿ ಯಾರ ಕರೆ ಬರುತ್ತದೆ ಅಂತ ಹೇಳಲಾರೆ. ಅದು ಬಂದಾಗ ನಾನು ಸೋಫಾದಲ್ಲಿ ಒಬ್ಬಳೇ ಕೂತು ಅತ್ತೆ, ಆಮೇಲೆ ತುಮಕೂರಿಗೆ ಫೋನ್ ಮಾಡೋಣ ಅಂತ ನೋಡಿದರೆ ಹತ್ತೂವರೆ, ಅಮ್ಮ ಮಲಗಿರುತ್ತಾಳೆ.

ಚಿಕ್ಕದೆಲ್ಲ ಒಳ್ಳೆಯದು, ದೊಡ್ಡದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಸ್ಟಾರ್‌ಡ್ಯೂ ವ್ಯಾಲಿಗೆ ಕೊನೆಯೇ ಇಲ್ಲ ಅನ್ನಬಹುದು. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ ಅದು. ಅಲ್ಲಿನ ಒಂದು ದಿನ ನಮ್ಮ ಸುಮಾರು 14 ನಿಮಿಷ. ಕಂಪ್ಯೂಟರಿನಲ್ಲಿ ದಿನ ಮುಗಿಸಿ ಮಲಗಿದರೆ ಮಾತ್ರ ಸೇವ್ ಆಗುತ್ತದೆ, ಫೋನಿನಲ್ಲಿ ಹಾಗಲ್ಲ, ನಡುವೆ ಎದ್ದು ಹೋದರೂ ಬಿಟ್ಟಲ್ಲಿಂದಲೇ ಶುರು ಮಾಡಬಹುದು. ಎರಡು ತಿಂಗಳು ಮುಟ್ಟದಿದ್ದರೂ ಅಲ್ಲಿ ಕಾಲ ನಿಂತಿರುತ್ತದೆ, ಬೆಳೆ ಒಣಗುವುದಿಲ್ಲ, ಹಸುವಿಗೆ ಹಸಿವಾಗುವುದಿಲ್ಲ. ಆದರೆ "ಇನ್ನೊಂದೇ ದಿನ" ಅಂತ ಹನ್ನೆರಡರವರೆಗೆ ಆಡಿಸುವುದೂ ಅದೇ. ಅಲ್ಲಿ ತಪ್ಪು ಯಾರದ್ದು ಅಂತ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ವಾರಾಂತ್ಯಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಈಗ ಏನೇ ಕೊಳ್ಳುವ ಮುಂಚೆ ಹೌ ಲಾಂಗ್ ಟು ಬೀಟ್ ತಾಣದಲ್ಲಿ ಆಟದ ಉದ್ದ ನೋಡುತ್ತೇನೆ. ಆಡಿ ಮುಗಿಸಿದವರೇ ತಮಗೆ ಎಷ್ಟು ಗಂಟೆ ಹಿಡಿಯಿತು ಅಂತ ಅಲ್ಲಿ ಬರೆದಿಟ್ಟಿರುತ್ತಾರೆ. ಸ್ಟೀಮ್‌ನಲ್ಲಿ ಕೊಂಡರೆ ಇನ್ನೊಂದು ಅನುಕೂಲ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನನಗೆ ಎರಡು ಗಂಟೆ ಅಂದರೆ ಮೂರು ರಾತ್ರಿ. ಮೂರನೇ ರಾತ್ರಿಯೂ ಆಟ ಇನ್ನೂ ನಿಯಮ ಹೇಳಿಕೊಡುತ್ತಲೇ ಇದ್ದರೆ ನಾನು ವಾಪಸ್ ಕೊಡುತ್ತೇನೆ.

ಹೀಗೆ ಉದ್ದ ನೋಡಿಯೇ ತಗೊಂಡದ್ದು ವೆಂಬಾ. ಟೊರಾಂಟೊದ ಚಿಕ್ಕ ತಂಡವೊಂದು 2023ರಲ್ಲಿ ಮಾಡಿದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ, ಅಡುಗೆಯ ಮೂಲಕ. ಒಟ್ಟು ಒಂದೂವರೆ ಗಂಟೆ. ಕಳೆದ ತಿಂಗಳು ಅಮ್ಮ ಬಂದಿದ್ದಳು. ಡೇಕೇರ್‌ಗೆ ರಜೆ ಇದ್ದಾಗಲೆಲ್ಲ ತುಮಕೂರಿನಿಂದ ಬಸ್ಸು ಹತ್ತಿ ಬರುತ್ತಾಳೆ. ಆ ರಾತ್ರಿ ಅವಳಿಗೂ ನಿದ್ದೆ ಬಂದಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ.

"ಏನೇ ಅದು, ಇಷ್ಟು ಹೊತ್ತಲ್ಲೂ ಆಫೀಸಾ?"

"ಅಲ್ಲಮ್ಮ, ಆಟ. ಇಡ್ಲಿ ಮಾಡೋದು."

ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದಳು. ಪರದೆಯ ಮೇಲೆ ವೆಂಬಾಗೆ ಹುಷಾರಿಲ್ಲ, ಆದರೂ ಗಂಡನ ಊಟದ ಡಬ್ಬಿಗೆ ಇಡ್ಲಿ ಮಾಡಲು ಹೊರಟಿದ್ದಾಳೆ. ಎರಡು ಮಾತು ಓದಿ ಹೇಳುವಷ್ಟರಲ್ಲಿ ಅಮ್ಮ, "ಅವಳು ಬಸುರಿ ಕಣೇ" ಅಂದುಬಿಟ್ಟಳು. ಆಟ ಅದನ್ನು ಹೇಳಿದ್ದು ಎಷ್ಟೋ ಹೊತ್ತಾದ ಮೇಲೆ. ವೆಂಬಾ ಹತ್ತಿರ ತಾಯಿ ಕೊಟ್ಟ ಅಡುಗೆ ಪುಸ್ತಕವಿದೆ, ಹರಿದು, ಅಕ್ಷರ ಅಳಿಸಿಹೋಗಿದೆ. ಉಳಿದದ್ದನ್ನು ನಾವು ಊಹಿಸಬೇಕು, ಅದೇ ಆಟ. ನಾನು ತಟ್ಟೆಗಳನ್ನು ಹೇಗೋ ಒಂದರ ಮೇಲೊಂದು ಪೇರಿಸಿದೆ, ಕೆಟ್ಟಿತು. ಅಮ್ಮನಿಗೆ ತಡೆಯಲಾಗಲಿಲ್ಲ. "ಹಬೆ ಎಲ್ಲಿಂದ ಮೇಲೆ ಹೋಗಬೇಕು? ಕುಳಿ ಮೇಲೆ ಕುಳಿ ಬರಬಾರದು. ಇಷ್ಟು ವರ್ಷ ಇಡ್ಲಿ ತಿಂದಿದ್ದೀಯ, ಇಷ್ಟೂ ನೋಡಿಲ್ವಾ?" ಮೌಸ್ ಅವಳ ಕೈಗೆ ಕೊಟ್ಟೆ. ಮೊದಲು ಅದನ್ನು ಚಪಾತಿ ಲಟ್ಟಣಿಗೆ ಹಿಡಿದ ಹಾಗೆ ಹಿಡಿದಳು. ಇಡ್ಲಿ ಬೆಂದಾಗ ಅವಳ ಮುಖ ನೋಡಬೇಕಿತ್ತು.

ಪುಟ್ಟು ಮಾಡುವ ಭಾಗಕ್ಕೆ ಬಂದಾಗ, "ಇದು ನಮ್ಮ ಕಡೆ ಮಾಡಲ್ಲ, ನೀನೇ ಆಡು" ಅಂತ ಮೌಸ್ ವಾಪಸ್ ಕೊಟ್ಟಳು. ಆಮೇಲೆ ಕೇಳಿದಳು, "ಇದು ಪೂರ್ತಿ ಎಷ್ಟು ಹೊತ್ತು?"

"ಒಂದೂವರೆ ಗಂಟೆ."

"ಒಂದೂವರೆ ಗಂಟೆ ನಾನು ಒಂದೇ ಕಡೆ ಕೂತು ಯಾವ ಕಾಲ ಆಯ್ತೋ."

ದೂರಿನ ಹಾಗೆ ಹೇಳಲಿಲ್ಲ, ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದಳು. ನಾನು ಮಗುವಾಗಿದ್ದಾಗ ಅವಳಿಗೆ ರಾತ್ರಿ ಹತ್ತರ ನಂತರ ಏನಿತ್ತು ಅಂತ ನೆನಪಿಸಿಕೊಳ್ಳಲು ನೋಡಿದೆ. ಮರುದಿನದ ತರಕಾರಿ ಹೆಚ್ಚುತ್ತಿದ್ದಳು, ನಮ್ಮ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. ಸೈಬರ್ ಕೆಫೆಗೆ ಅಣ್ಣನ ಜೊತೆ ನನ್ನನ್ನು ಅಟ್ಟುತ್ತಿದ್ದದ್ದು ಆ ಒಂದು ಗಂಟೆಯಾದರೂ ಮನೆ ಖಾಲಿ ಇರಲಿ ಅಂತಲೋ ಏನೋ. ಕೇಳಲಿಲ್ಲ. ಈಗಲೂ ನನ್ನ 40 ನಿಮಿಷ ಉಳಿಯುವುದು ಎಷ್ಟೋ ಸಲ ಅವಳು ಬಂದು ಪಾತ್ರೆ ತೊಳೆದಿರುತ್ತಾಳೆ ಅನ್ನುವ ಕಾರಣಕ್ಕೆ.

ಅಷ್ಟರಲ್ಲಿ ಒಳಗೆ ಪುಟ್ಟಿ ಎದ್ದು ಅತ್ತಳು. ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನ ಅಮ್ಮ ಊರಿಗೆ ಹೊರಟಳು.

ಹೋದ ಭಾನುವಾರ ಫೋನ್ ಮಾಡಿದ್ದಳು. ಪುಟ್ಟಿ ಊಟ ಮಾಡಿದಳಾ, ಅಳಿಯಂದಿರ ಕೆಮ್ಮು ಹೇಗಿದೆ, ಗ್ಯಾಸ್ ಬುಕ್ ಮಾಡಿದೆಯಾ, ಎಲ್ಲ ಆಯಿತು. ಕೊನೆಗೆ ಇಡುವ ಮುಂಚೆ, "ಆ ಹುಡುಗಿ ಪುಟ್ಟು ಮಾಡ್ತಿದ್ಲಲ್ಲ, ಮುಂದೇನಾಯ್ತು?" ಅಂದಳು.

"ಗೊತ್ತಿಲ್ಲಮ್ಮ, ನಾನಿನ್ನೂ ಆಡಿಲ್ಲ."

"ಹಾಗಾದ್ರೆ ಇರಲಿ ಬಿಡು. ದೀಪಾವಳಿಗೆ ಬರ್ತೀನಲ್ಲ. ಅಲ್ಲೀವರೆಗೂ ಅದು ಹಾಗೇ ಇರುತ್ತಾ?"

ಇರುತ್ತೆ ಅಂದೆ.